ಗಂಟೆ ಬಾರಿಸುವ ತನಕ ಸುಮ್ಮನಿರು

ಕಳೆದ ವಾರ ಗಂಗಾವತಿಯ ಮೋಟಾರ್ ಸ್ಟ್ಯಾಂಡಿನಲ್ಲಿ ಹೊರಡಲು ಸಿದ್ಧವಾಗಿದ್ದ ಒಂದು ಲಾರಿಯ ಮುಂದೆ ಎರಡೂ ಕೈ ಚಾಚಿ ನಿಂತು, 'ತಾಡಪತ್ರಿ ಎತ್ತು' ಎಂದು ಕೂಗಿದೆ.

ಅದರ ಕೆಳಗೆ ನನ್ನ ಮೊಮ್ಮಗನನ್ನು ಕೈಕಾಲು ಕಟ್ಟಿ ಮಲಗಿಸಿದ್ದಾರೆ ಎಂದು ನಾನು ನಂಬಿದ್ದೆ.

ಹೌದು, ನಾನೇ. ಆಣೆಕಟ್ಟಿಗೆ ಮಕ್ಕಳನ್ನು ಬಲಿ ಕೊಡುತ್ತಾರೆ ಎಂಬ ಸುದ್ದಿಯನ್ನು ಇದೇ ಜಾಗದಲ್ಲಿ ಗೇಲಿ ಮಾಡಿ ಬರೆದವನು. (ಅದನ್ನು ಓದಿ 'ಬರೋಬ್ಬರಿ ಹೇಳಿದ್ರಿ' ಎಂದು ಕೊಪ್ಪಳದಿಂದ ಕಾಗದ ಬರೆದ ಓದುಗರು ದಯವಿಟ್ಟು ಈ ವಾರದ ಪತ್ರಿಕೆಯನ್ನು ಮಡಚಿ ಇಟ್ಟುಬಿಡಿ.)

ಸುದ್ದಿ ನಿಮಗೂ ಗೊತ್ತಿರುವುದೇ. ಮುನಿರಾಬಾದಿನ ಹತ್ತಿರ ಹೊಳೆಗೆ ಅಡ್ಡಲಾಗಿ ಆಣೆಕಟ್ಟಿನ ಕೆಲಸ ಶುರುವಾಗಿದೆ. ಎಷ್ಟು ಕಲ್ಲು ಸುರಿದರೂ ಅಡಿಪಾಯ ನಿಲ್ಲುತ್ತಿಲ್ಲವಂತೆ. ಹೊಳೆ ಕೂಸು ಕೇಳುತ್ತಿದೆಯಂತೆ. ತಲೆಯಿಂದ ಬೆನ್ನಿಗೆ ಇಳಿಬಿಟ್ಟ ಕಂಬಳಿ ಕೊಪ್ಪೆ ಹಾಕಿಕೊಂಡ ಗಂಡಸರು ಊರೂರು ತಿರುಗಿ ಮಕ್ಕಳನ್ನು ಎತ್ತಿ ಲಾರಿಗೆ ಹಾಕಿಕೊಳ್ಳುತ್ತಾರಂತೆ. ನೋಡಿದವರು ಯಾರು? ಯಾರೂ ಇಲ್ಲ. ಯಾವ ಊರಿನ ಮಗು ಹೋಯಿತು? ಕುಷ್ಟಗಿಯಲ್ಲಿ ಕೇಳಿದರೆ ಯಲಬುರ್ಗಿಯದು ಅನ್ನುತ್ತಾರೆ. ಯಲಬುರ್ಗಿಯಲ್ಲಿ ಕೇಳಿದರೆ ಕುಷ್ಟಗಿಯದು ಅನ್ನುತ್ತಾರೆ. ಹೀಗೆಂದು ಬರೆದಿದ್ದೆ. ಸರಿಯಾಗಿಯೇ ಬರೆದಿದ್ದೆ.

ಆದರೆ ಅಂಜಿಕೆಯೇನು ಪತ್ರಿಕೆ ಓದುತ್ತದೆಯೇ?

ಮೊದಲು ನಮ್ಮ ಶಾಲೆಯ ವಿಷಯ ಹೇಳಬೇಕು. ಲಾರಿಯ ದಾರಿ ಅಲ್ಲಿಂದಲೇ ಹೊರಡುತ್ತದೆ.

ಊರಿನ ಅಂಚಿನಲ್ಲಿ, ಭತ್ತದ ಗದ್ದೆಗಳು ಶುರುವಾಗುವ ಕಡೆ, ಒಬ್ಬ ಕಾಳಿನ ವ್ಯಾಪಾರಿಯ ಹಳೆಯ ಕೋಠಿಯಲ್ಲಿ ನಮ್ಮ ಖಾಸಗಿ ಕನ್ನಡ ಶಾಲೆ ನಡೆಯುತ್ತದೆ. ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಪಾಠ. ಮಕ್ಕಳು ಮನೆಯ ಮಾತಿನಲ್ಲಿ ಎರಡಕ್ಷರ ಕಲಿಯಲಿ ಎಂದು ಊರಿನವರು ಸೇರಿ ಕಟ್ಟಿದ್ದು ಇದು. ಮಾಸ್ತರು ಒಬ್ಬರೇ, ಯಲಬುರ್ಗಿಯ ರಾಚಪ್ಪನವರು. ಇನ್ನೂ ಮೀಸೆ ದಪ್ಪವಾಗದ ವಯಸ್ಸು. ಕಮಿಟಿಯಲ್ಲಿ ನಾನೂ ಒಬ್ಬ.

ನಾನು ರೇಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಹಸಿರು ಬಾವುಟ, ಸೀಟಿ, ಗಡಿಯಾರ. ಮೂರನ್ನು ಹಿಡಿದೇ ಆಯುಷ್ಯ ಕಳೆದಿದ್ದೇನೆ. ನಿವೃತ್ತನಾದ ಮೇಲೆ ಬಾವುಟ ಹೋಯಿತು, ಸೀಟಿ ಹೋಯಿತು, ಗಡಿಯಾರ ಉಳಿಯಿತು. ಶಾಲೆಗೆ ಗಡಿಯಾರವಿಲ್ಲ. ಮಾಸ್ತರ ಕೈಗೂ ಇಲ್ಲ. ಅದಕ್ಕೇ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಊಟದ ಬಿಡುವು ಮುಗಿಯುವಾಗ ಒಮ್ಮೆ, ನಾನು ಗಡಿಯಾರ ಹಿಡಿದು ಶಾಲೆಯ ಬೇವಿನ ಮರದ ಕೆಳಗೆ ನಿಲ್ಲುತ್ತೇನೆ. ತಲೆ ಆಡಿಸುತ್ತೇನೆ. ಆಗ ಒಬ್ಬ ಹುಡುಗ, ಕೊಂಬೆಗೆ ತೂಗುಹಾಕಿದ ರೈಲು ಹಳಿಯ ತುಂಡಿಗೆ ಕಬ್ಬಿಣದಿಂದ ಬಡಿಯುತ್ತಾನೆ. ಅದೇ ನಮ್ಮ ಗಂಟೆ. ಅದು ಬಾರಿಸುವ ತನಕ ಒಬ್ಬ ಹುಡುಗನೂ ಪಾಠಕ್ಕೆ ಕೂರುವಂತಿಲ್ಲ, ಯಾರ ಹೆಸರೂ ಹಾಜರಿಗೆ ಬರುವಂತಿಲ್ಲ. ಈ ನಿಯಮ ನನ್ನದು. ಮಳೆಯಿರಲಿ, ಬಿಸಿಲಿರಲಿ, ನಾನು ಒಂದು ದಿನವೂ ಲೇಟ್ ಆದವನಲ್ಲ.

ಮಕ್ಕಳ ಕಳ್ಳರ ಸುದ್ದಿ ಬಂದ ಮೇಲೆ ನಮ್ಮ ಬೆಂಚುಗಳು ಖಾಲಿಯಾಗತೊಡಗಿದವು. ಒಂದೊಂದು ದಿನ ಒಂದೊಂದು ಮನೆಯ ತಾಯಿ ಮಗುವಿನ ರಟ್ಟೆ ಹಿಡಿದು ಮನೆಯಲ್ಲೇ ಕೂರಿಸಿಕೊಂಡಳು. ಇತ್ತ ದಸರೆ ಆದ ಮೇಲೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದಾರೆ. ಮಕ್ಕಳಿಲ್ಲದ ಶಾಲೆಗೆ ಪರವಾನಗಿ ಯಾಕೆ ಎಂದು ಅವರು ಕೇಳಿದರೆ ಏನು ಹೇಳುವುದು?

ರಾಚಪ್ಪ ಮಾಸ್ತರು ಒಂದು ಉಪಾಯ ಹೂಡಿದರು. ಪಾಠದ ಕೊನೆಗೆ ಎದ್ದು ನಿಂತು ಮಕ್ಕಳಿಗೆ ಹೇಳಿದರು: "ಯಾರು ಸಾಲಿಗೆ ಒಂದು ಹೊಸ ಹುಡುಗನ್ನ ತರ್ತಾರ, ಒಂದು ವಾರ ಗಂಟಿ ಬಾರಿಸೋದು ಅವರ ಓಣಿ ಗುಂಪಿಗೆ."

ಕಮಿಟಿಯಲ್ಲಿ ಎಲ್ಲರಿಗೂ ಇದು ಛಲೋ ಅನ್ನಿಸಿತು. ಯಾರಿಗೇನು ನಷ್ಟ? ಒಂದು ಪುಟ್ಟ ಬಹುಮಾನ. ಇದ್ದ ಮಕ್ಕಳು ಗೆಳೆಯರನ್ನು ಕರೆತರುತ್ತಾರೆ, ಗೆಳೆಯರು ಗೆಳೆಯರನ್ನು ಕರೆತರುತ್ತಾರೆ. ದೊಡ್ಡವರ ಮಾತು ನಂಬದ ತಾಯಂದಿರು ಮಕ್ಕಳ ಮಾತು ನಂಬಿಯಾರು.

ಆದರೆ ಆ ಹಳಿಯ ತುಂಡನ್ನು ಬಡಿಯುವುದೆಂದರೆ ನಮ್ಮ ಮಕ್ಕಳಿಗೆ ಏನು ಎಂಬುದನ್ನು ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಡೀ ಊರಿಗೆ ಕೇಳುವ ಸದ್ದು ಅದು. ಗದ್ದೆಯಲ್ಲಿ ಬಗ್ಗಿದವರು ಕೂಡ ತಲೆ ಎತ್ತುತ್ತಾರೆ. ಅಂಥದ್ದು ಒಂದು ವಾರ ಪೂರ್ತಿ ನಿಮ್ಮ ಕೈಯಲ್ಲಿ! ಹತ್ತು ವರ್ಷದ ಜೀವಕ್ಕೆ ಇದಕ್ಕಿಂತ ದೊಡ್ಡ ಅಧಿಕಾರ ಇದೆಯೇ?

ಇನ್ನೊಂದನ್ನೂ ನಾವು ಮರೆತಿದ್ದೆವು. ನಮ್ಮ ಮಕ್ಕಳಿಗೆ ಒಬ್ಬ ಹುಡುಗನನ್ನು ಶಾಲೆಗೆ 'ತರುವ' ವಿಧಾನ ಗೊತ್ತಿರುವುದು ಒಂದೇ.

ನನ್ನ ವಯಸ್ಸಿನವರೆಲ್ಲ ಅದನ್ನು ಉಂಡವರು. ಶಾಲೆ ತಪ್ಪಿಸಿದವನ ಮನೆಗೆ ಮಾಸ್ತರು ನಾಲ್ಕು ಗಟ್ಟಿ ಹುಡುಗರನ್ನು ಕಳಿಸುತ್ತಾರೆ. ಇಬ್ಬರು ಕೈ, ಇಬ್ಬರು ಕಾಲು. ತೂಗುತ್ತ, ಕೂಗುತ್ತ, ಓಣಿಯ ತುಂಬ ಮೆರವಣಿಗೆ. ನಾವು ಅದನ್ನು ಪಾಲಕಿ ಅನ್ನುತ್ತಿದ್ದೆವು. ಪಾಲಕಿಯಲ್ಲಿದ್ದವನು ಒದ್ದಾಡುತ್ತಿದ್ದ, ಹೊತ್ತವರು ನಗುತ್ತಿದ್ದರು, ಮನೆಯವರು ಬಾಗಿಲಲ್ಲಿ ನಿಂತು 'ಇನ್ನಾ ಜೋರಾಗಿ ಹಿಡೀರಿ' ಅನ್ನುತ್ತಿದ್ದರು. ಆ ಪದ್ಧತಿ ಈಗಲೂ ಇದೆ.

ಮೊದಲ ಹುಡುಗ ಬಂದದ್ದು ಹೀಗೆಯೇ, ಮೇಲಿನ ಓಣಿಯಿಂದ. ತಂದವರು ಕೆಳಗಿನ ಓಣಿಯ ಗುಂಪು. ಆದರೆ ಶಾಲೆಯ ಬಾಗಿಲ ಹತ್ತಿರ ಮೇಲಿನ ಓಣಿಯವರು ಅವನನ್ನು ಕಸಿದುಕೊಂಡು, 'ನಮ್ಮ ಓಣಿ ಹುಡುಗ, ನಾವು ತಂದೀವಿ' ಎಂದು ಮಾಸ್ತರ ಮುಂದೆ ನಿಲ್ಲಿಸಿದರು. ಗಂಟೆ ಅವರ ಪಾಲಾಯಿತು. ಕೆಳಗಿನ ಓಣಿಯ ಗುಂಪಿನ ನಾಯಕಿ ಗಂಗಿ ಎಂಬ ಹುಡುಗಿ. ನಾಲ್ಕನೆಯ ಇಯತ್ತೆ. ಲೆಕ್ಕದಲ್ಲಿ ಅವಳನ್ನು ಮೀರಿಸುವವರಿಲ್ಲ. ಅವಳು ಅಳಲಿಲ್ಲ. ಮುಂದಿನ ಸಲ ಹುಡುಗನನ್ನು ಮಾಸ್ತರ ಕೈಗೆ ಒಪ್ಪಿಸುವ ತನಕ ಯಾರಿಗೂ ಕಾಣದಂತೆ ಇಡಬೇಕು ಎಂದು ತೀರ್ಮಾನಿಸಿದಳು.

ಇದೆಲ್ಲ ನಮಗೆ ಆಮೇಲೆ ತಿಳಿದದ್ದು.

ಆ ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ಮಗಳು ಪಾರ್ವತಿ ಕುಷ್ಟಗಿಯಿಂದ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಜೊತೆಗೆ ಐದು ವರ್ಷದ ಶಿವು. ಅವನನ್ನು ಇನ್ನೂ ಶಾಲೆಗೆ ಹಾಕಿಲ್ಲ. ನಾಲ್ಕು ದಿನ ಇಲ್ಲಿಯ ಶಾಲೆಯಲ್ಲಿ ಕೂರಲಿ ಎಂದು ನಾನು ಹೇಳಿದ್ದೆ. "ಬ್ಯಾಡಪ್ಪಾ, ಹೊರಗಿನ ಸುದ್ದಿ ಛಲೋ ಇಲ್ಲ. ನನ್ನ ಕಣ್ಣಮುಂದ ಇರಲಿ" ಎಂದಿದ್ದಳು. "ನೀನೂ ಆ ಹುಚ್ಚು ಸುದ್ದಿ ನಂಬ್ತೀಯೇನು?" ಎಂದು ನಾನು ನಕ್ಕಿದ್ದೆ.

ಊಟವಾದ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚುವುದು ನನ್ನ ರೂಢಿ. (ನಿದ್ದೆ ಮಾಡುವುದಿಲ್ಲ.) ಪಾರ್ವತಿ ಒಳಗೆ ಪಾತ್ರೆ ಎತ್ತಿಡುತ್ತಿದ್ದಳು. ಶಿವು ಕಟ್ಟೆಯ ಮೇಲೆ ಕೂತು ಸೂರಿನಿಂದ ಇಳಿಯುವ ನೀರಿಗೆ ಕೈ ಒಡ್ಡಿದ್ದ. ಅವನು ನೀರನ್ನು ಬೈಯುವುದು ನನಗೆ ಕೇಳಿಸುತ್ತಿತ್ತು. ಆಮೇಲೆ ಕೇಳಿಸಲಿಲ್ಲ.

ಕೇಳಿಸಿದ್ದು ಎದುರು ಮನೆಯ ದ್ಯಾಮವ್ವನ ದನಿ.

"ಒಯ್ದ್ರವ್ವೋ! ಕೂಸಿನ್ನ ಎತಗೊಂಡು ಒಯ್ದ್ರು! ಕೊಪ್ಪಿ ಹಾಕ್ಕೊಂಡು ಬಂದಿದ್ರು! ಪಾರೀ, ಓಡಿ ಬಾರ!"

ನಾನು ಹೊರಗೆ ಬಂದೆ. ಕಟ್ಟೆ ಖಾಲಿ. ಅವನ ಒಂದು ಕಾಲಿನ ಚಡಾವು ಮಾತ್ರ ಕೆಸರಲ್ಲಿ ಬಿದ್ದಿತ್ತು.

"ಎಷ್ಟು ಮಂದಿ?" ಎಂದು ಕೇಳಿದೆ.

"ನಾಕ್ ಮಂದಿರೀ ಯಜಮಾನ್ರ. ಕೈಕಾಲು ಹಿಡ್ದು ಎತ್ತಿದ್ರು. ಹುಡುಗ ಚೀರಿಕೊಂತ ಹೋದ."

"ನೋಡಾಕ ಹ್ಯಾಂಗಿದ್ರು?"

"ಬಾಗಲದಷ್ಟು ಎತ್ತರ ಇದ್ರರೀ! ಒಬ್ಬೊಬ್ಬ ಬಾಗಲದಷ್ಟು!"

(ಆ ನಾಲ್ವರಲ್ಲಿ ಎಲ್ಲರಿಗಿಂತ ಎತ್ತರದವಳು ಗಂಗಿ. ನನ್ನ ಎದೆಯ ಮಟ್ಟಕ್ಕೂ ಬರುವುದಿಲ್ಲ. ಆದರೆ ದ್ಯಾಮವ್ವ ಸುಳ್ಳು ಹೇಳಲಿಲ್ಲ. ಅಂಜಿದವರಿಗೆ ಅಳತೆ ಹಾಗೆಯೇ ಕಾಣುತ್ತದೆ.)

ಪಾರ್ವತಿ ಹೊಸ್ತಿಲ ಮೇಲೆ ನಿಂತಿದ್ದಳು. ಒಂದು ಕೈ ಬಾಗಿಲ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಅವಳು ಚೀರಲಿಲ್ಲ. "ಅಪ್ಪಾ, ಹೋಗು" ಎಂದಳು, ಅಷ್ಟೇ.

ನಮ್ಮ ಓಣಿಯ ತುದಿಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಶಾಲೆ. ಬಲಕ್ಕೆ ಹೋದರೆ ಮೋಟಾರ್ ಸ್ಟ್ಯಾಂಡ್. ಅದು ನಾನು ದಿನವೂ ಗಡಿಯಾರ ಹಿಡಿದು ಎಡಕ್ಕೆ ತಿರುಗುವ ಹೊತ್ತು. ವರ್ಷಗಟ್ಟಲೆ ಒಂದೇ ಹೊತ್ತಿಗೆ ಎಡಕ್ಕೆ ತಿರುಗಿದ ಕಾಲುಗಳು.

ಆ ದಿನ ಬಲಕ್ಕೆ ಓಡಿದವು.

ಯಾಕೆ ಬಲಕ್ಕೆ? ಸುದ್ದಿಯನ್ನು ನಾನು ನಂಬಿರಲಿಲ್ಲವಲ್ಲ? ನಂಬಿರಲಿಲ್ಲ. ಆದರೆ ಅಷ್ಟು ದಿನ ಗೇಲಿ ಮಾಡಲೆಂದೇ ಅದನ್ನು ತಲೆಯಲ್ಲಿ ಇಟ್ಟುಕೊಂಡಿದ್ದೆ. ಕೊಪ್ಪೆ, ನಾಲ್ಕು ಜನ, ಲಾರಿ, ಹೊಳೆ. ಎಲ್ಲ ಸಾಲಾಗಿ ಸಿದ್ಧವಾಗಿಯೇ ಇದ್ದವು. ನನ್ನ ಕೂಸು ಕಾಣದಾದಾಗ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಾಡಿ ಹೊರಟೇಬಿಟ್ಟಿತು. ಬ್ರೇಕ್ ಹಾಕುವ ಗಾರ್ಡ್ ಎಲ್ಲಿದ್ದ?

ಸ್ಟ್ಯಾಂಡಿನಲ್ಲಿ ಒಂದು ಲಾರಿ ನಿಂತಿತ್ತು. ಹಿಂದೆ ತಾಡಪತ್ರಿ ಬಿಗಿದಿದ್ದರು. ಡ್ರೈವರ್ ಹೊಸಬ, ಹೊಳೆಯ ಆಚೆಯವನು, ಅರ್ಧ ತೆಲುಗು ಅರ್ಧ ಕನ್ನಡದ ಮಾತು. ಎಲ್ಲಿಗೆ ಎಂದು ಕೇಳಿದೆ. ಆಣೆಕಟ್ಟಿಗೆ ಎಂದ.

ಆಗಲೇ ನಾನು ಕೈ ಚಾಚಿ ನಿಂತು ಕೂಗಿದ್ದು.

"ಎಂದುಕು ಸ್ವಾಮೀ? ಯಾಕ? ಸಿಮೆಂಟು ಐತಿ ಸ್ವಾಮೀ. ಮಳಿಗೆ ತೊಯ್ದ್ರ ಕಲ್ಲಾಗಿಬಿಡತೈತಿ, ತೆಗಿಯಾಂಗಿಲ್ಲ" ಎಂದ ಅವನು.

ತೆಗೆಯುವಂತಿಲ್ಲ. ಸಾಕಿತ್ತು. ಚಹಾದಂಗಡಿಯಿಂದ ಜನ ಎದ್ದು ಬಂದರು. ದ್ಯಾಮವ್ವನ ದನಿ ಅಷ್ಟರಲ್ಲಿ ಊರು ಸುತ್ತಿತ್ತು. ಗಾಡಿ ಹೊಡೆಯುವವರು, ಹಮಾಲರು, ಸಂತೆಗೆ ಬಂದವರು, ಎಲ್ಲ ನೆರೆದರು. ಒಬ್ಬ ಡ್ರೈವರನ ಅಂಗಿಯ ಕೊರಳು ಹಿಡಿದ.

ಆಗ ತಾಡಪತ್ರಿ ಅಲುಗಿತು.

ಎಲ್ಲರೂ ನೋಡಿದೆವು. ಒಂದು ಮೂಲೆ ಎದ್ದು ಬಿತ್ತು, ಒಳಗಿನಿಂದ ಯಾರೋ ಒದ್ದಂತೆ. ಯಾರೋ ಹಗ್ಗ ಕೊಯ್ದರು. ಹೊರಗೆ ಬಂದದ್ದು ಒಂದು ಆಡಿನ ಮರಿ. ಕಾಲಿಗೆ ದಾರ ಕಟ್ಟಿದ್ದರು. ಅದು ಜನರನ್ನು ನೋಡಿ ಒಮ್ಮೆ ಬ್ಯಾ ಎಂದಿತು.

ಅಲ್ಲಿಗೆ ಎಲ್ಲರೂ ನಕ್ಕು ಚದುರಬೇಕಿತ್ತು. ಅಲ್ಲವೇ?

"ಮರಿ ಮುಂದಿಟ್ಟು ಕೂಸಿನ್ನ ಹಿಂದ ಮುಚ್ಯಾನ!" ಎಂದ ಒಬ್ಬ.

"ಇದನ್ನ ದಾರ್ಯಾಗ ಕೊಯ್ತಾನ, ಅದನ್ನ ಹೊಳ್ಯಾಗ" ಎಂದ ಇನ್ನೊಬ್ಬ.

ಗಾಡಿಯ ಗೂಟ ಕಿತ್ತವನನ್ನು ಕಣ್ಣಾರೆ ಕಂಡೆ. ಡ್ರೈವರ್ ಕೈ ಮುಗಿದು ಏನೋ ಹೇಳುತ್ತಿದ್ದ. ಈಗ ಪೂರಾ ತೆಲುಗು. ಅಂಜಿಕೆಯಲ್ಲಿ ಅವನ ಕನ್ನಡ ಹಾರಿಹೋಗಿತ್ತು. ಅವನ ಮಾತು ತಿಳಿಯದಿದ್ದಷ್ಟೂ ಜನ ಹತ್ತಿರ ಬಂದರು. ಕೊರಳು ಹಿಡಿದವನು ನನ್ನ ಕಡೆ ತಿರುಗಿದ. ನನಗೆ ಗೊತ್ತಿದ್ದವನೇ, ಸಭ್ಯ ಮನುಷ್ಯ.

"ಗಾರ್ಡ್ ಸಾಹೇಬ್ರ, ನೀವು ಹೂಂ ಅನ್ರಿ. ಅಷ್ಟ ಸಾಕು. ಮುಂದಿಂದು ನಾವು ನೋಡ್ಕೋತೀವಿ."

ಓದುಗರೇ, ಮೊಮ್ಮಗ ಕಾಣದಾದಾಗ ನಾನು ಅಂಜಿದ್ದೆ. ಈ ಮಾತು ಕೇಳಿದಾಗ ಅಂಜಿದ್ದು ಬೇರೆ ಬಗೆಯದು. ನನ್ನ ಒಂದು ಅಕ್ಷರಕ್ಕೆ ಅಷ್ಟು ಜನ ಕಾದಿದ್ದರು. ಇಲ್ಲ ಅನ್ನಲು ಬಾಯಿ ತೆರೆದೆ. ಒಂದು ವೇಳೆ ಕೂಸು ಅಲ್ಲೇ ಇದ್ದರೆ? ಆ ಯೋಚನೆ 'ಇಲ್ಲ' ಎಂಬ ಮಾತನ್ನು ಹಿಡಿದು ನಿಲ್ಲಿಸಿತು. ನಾನು ಹೂಂ ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ. ಹಸಿರೂ ಅಲ್ಲ, ಕೆಂಪೂ ಅಲ್ಲ. ಸಿಗ್ನಲ್ಲೇ ತೋರಿಸದ ಗಾರ್ಡ್.

ಯಾರೋ ನನ್ನ ಅಂಗಿ ಎಳೆದರು. ಕೆಳಗೆ ನೋಡಿದೆ. ಕಂಬಳಿ ಕೊಪ್ಪೆ, ಅದರೊಳಗೆ ಗಂಗಿಯ ಮುಖ.

"ಅಜ್ಜಾರ, ಗಡಿಯಾರ ಯಾಕ ಬರಲಿಲ್ರಿ? ಮಾಸ್ತರು ಹುಡುಕಿಕೊಂಡು ಬಾ ಅಂದ್ರು."

"ಹೋಗ ಅತ್ಲಾಗ!" ಎಂದೆ. ಜನ್ಮದಲ್ಲಿ ಮಗುವಿನ ಮೇಲೆ ಹಾಗೆ ಕೂಗಿರಲಿಲ್ಲ.

ಅವಳು ಹೋಗಲಿಲ್ಲ. "ಲಗೂನ ಬರ್ರಿ ಅಜ್ಜಾರ. ಗಂಟಿ ಆಗೋತನಕ ನಮ್ಮ ಹುಡುಗನ್ನ ಹೊರಗ ತೆಗಿಯಾಕ ಬರಂಗಿಲ್ಲ. ಆವಾಗಿಂದ ಒಳಗ ಕುಂತಾನ್ರಿ."

"ಯಾವ ಹುಡುಗ?"

"ಹೊಸಾ ಹುಡುಗರಿ. ನಿಮ್ಮ ಶಿವು." ಅವಳ ಕಣ್ಣು ಹೊಳೆಯುತ್ತಿದ್ದವು. "ಮ್ಯಾಲಿನ ಓಣ್ಯಾರಿಗೆ ಸಿಗಬಾರದಂತ ಹಗೇವಿನ್ಯಾಗ ಇಟ್ಟೀವ್ರಿ."

ಹಗೇವು ಎಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿಗೆ ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ. ಮೊದಲು ಕಂದೀಲು ಇಳಿಸಿ ಉರಿಯುತ್ತದೆಯೋ ಆರುತ್ತದೆಯೋ ನೋಡುತ್ತಾರೆ. ಕೆಟ್ಟ ಗಾಳಿ ಕುಡಿದು, ಇಳಿದವರು ಇಳಿದ ಹಾಗೆಯೇ ಮಲಗಿಬಿಟ್ಟ ಮನೆಗಳು ನಮ್ಮಲ್ಲಿವೆ. ಅದು ಸುದ್ದಿಯಲ್ಲ. ಕುಷ್ಟಗಿಯದು ಯಲಬುರ್ಗಿಯದು ಎಂದು ತಿರುಗಾಡುವ ಕಥೆಯಲ್ಲ. ಹೆಸರು ಹಿಡಿದು ಹೇಳಬಹುದಾದದ್ದು.

ಗುಂಪಿನಲ್ಲಿದ್ದ ಪ್ರತಿಯೊಬ್ಬನಿಗೂ ಇದು ಗೊತ್ತು. ಡ್ರೈವರನ ಕೊರಳು ಬಿಟ್ಟರು. ಎಲ್ಲರೂ ಶಾಲೆಯ ಕಡೆ ಓಡಿದೆವು.

ಕೋಠಿಯ ಹಿಂಬದಿಯ ಕೋಣೆಯಲ್ಲಿ ಒಂದು ಹಳೆಯ ಹಗೇವು ಇತ್ತು. ಅರ್ಧ ಮಣ್ಣು ತುಂಬಿದೆ, ಅಪಾಯವಿಲ್ಲ ಎಂದು ನಾವು ಹಾಗೆಯೇ ಬಿಟ್ಟಿದ್ದೆವು. ಹೋಗಿ ನೋಡಿದರೆ ಅದರ ಬಾಯಿಯ ಮೇಲೆ ಶಾಲೆಯ ಕಪ್ಪು ಹಲಗೆ ಮಲಗಿಸಿದ್ದರು. ಹಲಗೆ ಸರಿಯಬಾರದೆಂದು ಮೇಲೆ ಮಕ್ಕಳು ಬರೆಯುವ ಪಾಟಿಗಳ ರಾಶಿ. ಮಾಸ್ತರು ಬೆಳಗ್ಗೆ ಬರೆದ ಮಗ್ಗಿ ಹಲಗೆಯ ಮೇಲೆ ಹಾಗೆಯೇ ಇತ್ತು.

ಪಾಟಿ ತಳ್ಳಿ ಹಲಗೆ ಎತ್ತಿದೆವು. ಕತ್ತಲೆ.

"ಶಿವೂ!" ಎಂದೆ.

ಸದ್ದಿಲ್ಲ.

"ಶಿವೂ! ಅಜ್ಜ ಬಂದೀನೋ!"

ಏನೂ ಇಲ್ಲ. ಉಸಿರಾಡುವ ಸದ್ದು ಕೂಡ ಇಲ್ಲ. ರಾಚಪ್ಪ ಮಾಸ್ತರು ಕಂದೀಲು ತಂದರು. ಕಡ್ಡಿ ಗೀರಿದರು, ಮುರಿಯಿತು. ಇನ್ನೊಂದು ಗೀರಿದರು, ಮಳೆಗಾಳಿಗೆ ಆರಿತು. ನಾನು ಮೊಣಕಾಲೂರಿ ಆ ಬಾಯಿಯೊಳಗೆ ತಲೆ ಹಾಕಿದೆ. ತಣ್ಣನೆಯ ಮಣ್ಣಿನ ವಾಸನೆ ಬಂತು. ಪಾರ್ವತಿಗೆ ಏನು ಹೇಳುವುದು ಎಂಬ ಮಾತೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಅಜ್ಜಾರ," ಗಂಗಿಯ ದನಿ ಈಗ ಸಣ್ಣದಾಗಿತ್ತು. "ಹಂಗ ಕರದ್ರ ಮಾತಾಡಂಗಿಲ್ರಿ ಅಂವ. ಗಂಟಿ ಬಾರಿಸೋತನಕ ಸುಮ್ಮನಿರು, ಯಾರ್ ಕರದ್ರೂ ಓ ಅನಬ್ಯಾಡ ಅಂತ ಆಣಿ ಹಾಕಿಸ್ಕೊಂಡೀವ್ರಿ."

ನಾನು ಎದ್ದೆ. ಬೇವಿನ ಮರದ ಕಡೆ ಹೇಗೆ ಹೋದೆನೋ ತಿಳಿಯದು. ಗಡಿಯಾರ ನೋಡಲಿಲ್ಲ. ಕಬ್ಬಿಣ ಹಿಡಿದು ಹಳಿಗೆ ಬಡಿದೆ. ಲೆಕ್ಕವಿಲ್ಲದೆ, ತಾಳವಿಲ್ಲದೆ, ಬೆಂಕಿ ಬಿದ್ದ ಊರಿನಲ್ಲಿ ಬಡಿದ ಹಾಗೆ ಬಡಿದೆ.

ನಿಲ್ಲಿಸಿದಾಗ ನೆಲದ ಕೆಳಗಿನಿಂದ ಒಂದು ದನಿ ಬಂತು.

"ಬಂದೇ!"

ಗುಂಡಿಯ ಹೊಟ್ಟೆಯ ಮರೆಗೆ, ಬಾಯಿಂದ ಬಗ್ಗಿದರೆ ಕಾಣದ ಕಡೆ, ಅವನು ಗೋಡೆಗೆ ಒರಗಿ ಕೂತಿದ್ದ. ಮಡಿಲಲ್ಲಿ ಗಂಗಿ ಕೊಟ್ಟ ಶೇಂಗಾ. ಎಳೆದು ಹೊರಗೆ ತೆಗೆದಾಗ ಬಾಯ್ತುಂಬ ಶೇಂಗಾ ಇಟ್ಟುಕೊಂಡೇ, "ಅಜ್ಜಾ, ನೀ ಕರದಿ, ನಾ ಓ ಅನ್ನಲಿಲ್ಲ ನೋಡು" ಎಂದು ಹೆಮ್ಮೆ ಪಟ್ಟ.

ಪಾರ್ವತಿ ಅಷ್ಟರಲ್ಲಿ ಬಂದಳು, ದ್ಯಾಮವ್ವನ ಹೆಗಲು ಹಿಡಿದು. ಆ ಸ್ಥಿತಿಯಲ್ಲಿ ಅಷ್ಟು ದೂರ ನಡೆದಿದ್ದಳು. ಮಗನನ್ನು ಮುಟ್ಟಿ ನೋಡಿದಳು. ತಲೆ, ಕೈ, ಕಾಲು. ಹಗೇವಿನ ಬಾಯಿ ನೋಡಿದಳು. ಮಗ್ಗಿ ಬರೆದ ಹಲಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಸಾಲಿ ಅಂದ್ರ ಇದೇನಪ್ಪಾ?"

ನಾನು ಚೆಲ್ಲಿದ ಪಾಟಿಗಳನ್ನು ಆಯತೊಡಗಿದೆ.

ಮರುದಿನ ಬೆಂಚಿನ ಮೇಲೆ ಕೂತ ಮಕ್ಕಳನ್ನು ಒಂದೇ ನೋಟಕ್ಕೆ ಎಣಿಸಬಹುದಿತ್ತು. ಸಂಜೆ ಕಮಿಟಿ ಸೇರಿತು. ರಾಚಪ್ಪ ಮಾಸ್ತರು ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದರು.

"ಎತಗೊಂಡು ಬರ್ರಿ ಅಂತ ನಾ ಹೇಳಿಲ್ರಿ" ಎಂದರು.

"ಹ್ಯಾಂಗ ತರಬೇಕು ಅಂತ ಹೇಳಿದ್ರೇನ್ರಿ? ಯಾರನ್ನ ಕೇಳಿ ತರಬೇಕು ಅಂತ?" ಎಂದೆ.

ಕಮಿಟಿಯ ಹಿರಿಯರಾದ ಸಾವುಕಾರ ಚನ್ನಬಸಪ್ಪನವರು ಎಲೆ ಅಡಿಕೆ ಹಾಕಿಕೊಂಡು ಶಾಂತವಾಗಿ ಒಂದು ದಾರಿ ಸೂಚಿಸಿದರು.

"ಆಗಿದ್ದು ಆತು ಬಿಡ್ರಿ. ಮಂದಿಗೆ ಅಂಜಿಕಿ ಐತಿ, ಹೌದಿಲ್ಲೋ? ಆ ಅಂಜಿಕೀನ ನಮ್ಮ ಕೆಲಸಕ್ಕ ಹಚ್ಚೋಣು. ಸಾಲ್ಯಾಗ ಹೆಸರಿರೋ ಹುಡುಗ್ರನ್ನ ಯಾರೂ ಮುಟ್ಟಂಗಿಲ್ಲಂತ, ಹೊರಗ ತಿರಗೋರನ್ನ ಒಯ್ತಾರಂತ, ಹಿಂಗಂತ ನಮ್ಮ ಹುಡುಗ್ರ ಬಾಯಿಂದ ಓಣಿ ಓಣ್ಯಾಗ ಹೇಳಸ್ರಿ. ನಾಳೆ ಬೆಂಚು ಸಾಲದಾಗ್ತಾವ."

ಅವರು ಹೇಳಿದ್ದು ನಿಜವಾಗಿತ್ತು. ಬೆಂಚು ಸಾಲದಾಗುತ್ತಿದ್ದವು.

ನಾನು ಗೂಟ ಹಿಡಿದ ಕೈ ಕಂಡವನು. "ಚನ್ನಬಸಪ್ಪನವರ, ಆ ಸುದ್ದಿಗೆ ನಿನ್ನೆ ಒಬ್ಬ ಮನುಷ್ಯಾ ಸಾಯ್ತಿದ್ದ. ಅದನ್ನ ಹುಡುಗ್ರ ಬಾಯಾಗ ಇಡೋದಾದ್ರ ನನ್ನ ಗಡಿಯಾರ ನಾಳೆಯಿಂದ ಬರಂಗಿಲ್ರಿ" ಎಂದೆ.

ಅವರು ಎಲೆ ಉಗುಳಲು ಎದ್ದುಹೋದರು. ವಾಪಸು ಬಂದು, "ಮತ್ತ ನೀವ ಹೇಳ್ರಿ" ಎಂದರು.

ಹೇಳುವುದು ಸುಲಭವೇ? ಶಾಲೆಗೆ ಮಕ್ಕಳು ಬೇಕು. ಶಾಲೆ ಹೇಗಿದೆ ಎಂದು ಬಲ್ಲವರು ಈಗ ಓದುತ್ತಿರುವ ಮಕ್ಕಳೇ. ಅವರು ಹೇಳದೆ ಇನ್ನಾರು ಹೇಳಬೇಕು? ಹೇಳಲಿ. ಆದರೆ ಹೇಳಿದ್ದಕ್ಕೆ ಬಹುಮಾನ ಇಟ್ಟ ಕ್ಷಣದಿಂದ ಗೆಳೆಯ ಗೆಳೆಯನಾಗಿ ಉಳಿಯುವುದಿಲ್ಲ, ಬೇಟೆಯಾಗುತ್ತಾನೆ. ಗಂಗಿಗೆ ಶಿವುವಿನ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೂ ಇರಲಿಲ್ಲ. ಅವಳಿಗೆ ಅವನು ಒಂದು ವಾರದ ಗಂಟೆ. ಆ ಲೆಕ್ಕ ಕಲಿಸಿಕೊಟ್ಟದ್ದು ನಾವು.

ಇನ್ನೊಂದು. ಒಂದು ಮನೆಯ ಮಗುವನ್ನು ಕೇಳುವುದಾದರೆ ಮನೆಯವರನ್ನು ಕೇಳಬೇಕು. ಹೊಸ್ತಿಲಲ್ಲಿ ನಿಂತು, ಹಗಲು ಹೊತ್ತಿನಲ್ಲಿ, ದೊಡ್ಡವರು ದೊಡ್ಡವರನ್ನು ಕೇಳಬೇಕು. ಬೇಡ ಅಂದರೆ ಕೈ ಮುಗಿದು ತಿರುಗಿ ಬರಬೇಕು. ನಮ್ಮ ಅರ್ಜಿಯನ್ನು ಹತ್ತು ವರ್ಷದ ಹುಡುಗಿಯ ಹೆಗಲಿಗೆ ಏರಿಸಿ ನಾವು ಮರದ ಕೆಳಗೆ ಗಡಿಯಾರ ನೋಡುತ್ತ ನಿಲ್ಲುವುದು ಯಾವ ನ್ಯಾಯ?

ಕೊನೆಗೆ ಹೀಗೆ ಮಾಡಿದೆವು. ಬಹುಮಾನ ಇಲ್ಲ. ಗಂಟೆ ಎಲ್ಲರಿಗೂ ಪಾಳಿಯಂತೆ, ಮೇಲಿನ ಓಣಿ ಕೆಳಗಿನ ಓಣಿ ಎನ್ನದೆ. ಹಗೇವಿಗೆ ಬಾಯಿ ಮಟ್ಟ ಮಣ್ಣು ತುಂಬಿದೆವು. ಚನ್ನಬಸಪ್ಪನವರೇ ಎರಡು ಬಂಡಿ ಮಣ್ಣು ಹಾಕಿಸಿದರು. ಮತ್ತು ಮಕ್ಕಳಿಗೆ ಮಾಸ್ತರು ಹೇಳಿದರು: ಯಾರೂ ಯಾವ ಹುಡುಗನನ್ನೂ ತರಬೇಡಿ. ನಿಮಗೆ ಮನಸ್ಸಿದ್ದರೆ, ಗೆಳೆಯರ ಅವ್ವನನ್ನೋ ಅಜ್ಜಿಯನ್ನೋ ಸಂತೆಯ ದಿನ ಒಮ್ಮೆ ಶಾಲೆ ನೋಡಲು ಬರುತ್ತೀರಾ ಎಂದು ಕೇಳಿ. ಶಾಲೆ ಹೇಗಿದೆ ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಬೆತ್ತ ಇದೆ ಎಂದೂ ಹೇಳಿ.

ಗಂಗಿ ಕೈ ಎತ್ತಿದಳಂತೆ. "ಹಗೇವಿಂದೂ ಹೇಳ್ಬೇಕೇನ್ರಿ?"

ಮಾಸ್ತರು "ಹೂಂ, ಹೇಳು" ಎಂದರಂತೆ. ಅವರ ಮೇಲೆ ನನಗೆ ಮತ್ತೆ ಭರವಸೆ ಬಂದದ್ದು ಆಗ.

ಸಂತೆಯ ದಿನ ನಾಲ್ಕೈದು ಹೆಂಗಸರು ಬಂದರು. ಪಾಠದ ಕೋಣೆಗೆ ಬರಲಿಲ್ಲ. ಮೊದಲು ಹಿಂದಿನ ಕೋಣೆಗೆ ಹೋಗಿ ತುಂಬಿದ ಮಣ್ಣನ್ನು ಕಾಲಿನಿಂದ ಒತ್ತಿ ನೋಡಿದರು. ಆಮೇಲೆ ಬಾಗಿಲಲ್ಲಿ ನಿಂತು ಮಗ್ಗಿ ಕೇಳಿದರು. ಸಂತೆಯ ಬುಟ್ಟಿ ಎತ್ತಿಕೊಂಡು ಹೋದರು. ಮತ್ತೆ ಬರುತ್ತಾರೋ ಇಲ್ಲವೋ ತಿಳಿಯದು. ಇನ್‌ಸ್ಪೆಕ್ಟರ್ ಸಾಹೇಬರು ಬರುವುದು ಮಾತ್ರ ಖಂಡಿತ.

ಆ ಡ್ರೈವರನನ್ನು ಹುಡುಕಿಕೊಂಡು, ಶಿವು ಸಿಕ್ಕ ದಿನ ಸಂಜೆಯೇ ಸ್ಟ್ಯಾಂಡಿಗೆ ಹೋಗಿದ್ದೆ. ಲಾರಿ ಹೋಗಿತ್ತು. ಹೊರಡುವ ಅವಸರದಲ್ಲಿ ಆಡಿನ ಮರಿ ಬಿಟ್ಟುಹೋಗಿದ್ದ. ಈಗ ಅದನ್ನು ನಮ್ಮ ಮನೆಯ ಕಂಬಕ್ಕೆ ಕಟ್ಟಿದ್ದೇವೆ. ಬಂದು ಮರಿ ಒಯ್ಯಲಿ ಎಂದು ಆ ದಾರಿಯಲ್ಲಿ ಹೋಗುವ ಪ್ರತಿಯೊಬ್ಬ ಲಾರಿಯವನಿಗೂ ಹೇಳಿದ್ದೇನೆ. ಅವನು ಇನ್ನೂ ಬಂದಿಲ್ಲ. ಅವನ ಜಾಗದಲ್ಲಿದ್ದರೆ ನಾನಾದರೂ ಆ ಸ್ಟ್ಯಾಂಡಿಗೆ ತಿರುಗಿ ಬರುತ್ತಿದ್ದೆನೇ?

ನಾನು ಮತ್ತೆ ಹೊತ್ತಿಗೆ ಸರಿಯಾಗಿ ಎಡಕ್ಕೆ ತಿರುಗುತ್ತೇನೆ. ಆದರೆ ಓಣಿಯ ತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತೇನೆ. ಬಲಗಡೆಯ ದಾರಿ ನೋಡುತ್ತೇನೆ. ಹಿಂದೆ ತಿರುಗಿ ಕಟ್ಟೆಯ ಮೇಲೆ ಶಿವು ಇದ್ದಾನೆಯೇ ನೋಡುತ್ತೇನೆ. ಈ ನಿಲುಗಡೆ ನನ್ನ ಟೈಮ್ ಟೇಬಲ್‌ನಲ್ಲಿ ಮೊದಲು ಇರಲಿಲ್ಲ.

ಪಾರ್ವತಿ ಶಾಲೆಯ ಮಾತು ಎತ್ತುವುದಿಲ್ಲ. ನಾನೂ ಎತ್ತಿಲ್ಲ. ಮಾತು ಎತ್ತಿದವನು ಶಿವು. ನಿನ್ನೆ ಊಟಕ್ಕೆ ಕೂತಾಗ ಅವ್ವನ ಹೊಟ್ಟೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಗುಟ್ಟು ಹೇಳುವ ದನಿಯಲ್ಲಿ, ಇಡೀ ಮನೆಗೆ ಕೇಳುವಂತೆ ಕೇಳಿದ:

"ಅಜ್ಜಾ, ಆ ಕೂಸು ಹೊರಗ ಬಂದಕೂಡ್ಲೆ ನಾನ ಎತಗೊಂಡು ಸಾಲಿಗೆ ಒಯ್ತೀನಿ. ಆವಾಗ ಗಂಟಿ ನನಗ ಕೊಡ್ತಾರಲ್ಲ?"

ಪಾರ್ವತಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡಳು.

ನಮ್ಮ ಶಾಲೆ ಅವನಿಗೆ ಕಲಿಸಿದ ಮೊದಲ ಪಾಠ ಅದು. ಎರಡನೆಯ ಪಾಠ ಕಲಿಯಲು ಯಾವ ತಾಯಿ ಅವನನ್ನು ಕಳಿಸಿಯಾಳು?